ಕಾಪೋತವೆಂಬ ಬಣ್ಣ: ಲೇಶ್ಯಾಸಿದ್ಧಾಂತಕ್ಕೆ ಮಾನಸೋಲ್ಲಾಸದ ಸಾಕ್ಷ್ಯ

ಜೈನಸಿದ್ಧಾಂತವು ಹೇಳುವ ಆರು ಲೇಶ್ಯೆಗಳಲ್ಲಿ ಮೂರನೆಯದು ಕಾಪೋತ. ಕೃಷ್ಣವೆಂದರೆ ಕಪ್ಪು, ನೀಲವೆಂದರೆ ನೀಲಿ, ಪೀತವೆಂದರೆ ಹಳದಿ, ಪದ್ಮವೆಂದರೆ ತಾವರೆಯ ಬಣ್ಣ, ಶುಕ್ಲವೆಂದರೆ ಬಿಳುಪು. ಇವುಗಳಿಗೆ ಅರ್ಥ ಹೇಳುವಲ್ಲಿ ಟಿಪ್ಪಣಿಕಾರರು ತಡವರಿಸುವುದಿಲ್ಲ. ಕಾಪೋತದ ಬಳಿ ಬಂದಾಗ ಮಾತ್ರ 'ಪಾರಿವಾಳದ ಬಣ್ಣ' ಎಂದು ಪದಶಃ ಬಿಡಿಸಿ, ಅದೂ ಸಾಲದೆನಿಸಿದಾಗ 'ಬೂದು' ಎಂದು ಮುಗಿಸುವುದು ವಾಡಿಕೆ. ಕನ್ನಡದ ಬೂದು ಬೂದಿಯಿಂದ ಬಂದ ಮಾತು. ಕಪ್ಪಿಗೆ ಬಿಳುಪು ಬೆರೆತಾಗ ಕಾಣುವ ಬಣ್ಣ ಅದು. ಈ ಅರ್ಥವನ್ನು ಒಪ್ಪಿದರೆ ಲೇಶ್ಯೆಗಳ ಕ್ರಮದಲ್ಲಿ ಒಂದು ತೊಡಕು ಉಳಿಯುತ್ತದೆ. ಕಪ್ಪಿನಿಂದ ನೀಲಿಗೆ ಏರಿದ ಜೀವಪರಿಣಾಮವು ಮತ್ತೆ ಕಪ್ಪಿನ ನಂಟುಳ್ಳ ಬೂದಿಗೆ ಏಕೆ ಮರಳಬೇಕು? ಕೆಡುಕಿನಿಂದ ಒಳಿತಿನ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶ್ರೇಣಿಯಲ್ಲಿ ಇದೊಂದು ಮೆಟ್ಟಿಲು ಹಿಂದಕ್ಕೆ ಸರಿದಂತೆ ತೋರುತ್ತದೆ. ಇದರ ಉತ್ತರವನ್ನು ನಿಘಂಟುಗಳಿಗಿಂತ ಹೆಚ್ಚಾಗಿ ಕನ್ನಡನಾಡಿನ ಚಿತ್ರಕಾರನ ಬಣ್ಣದ ಬಟ್ಟಲಿನಲ್ಲಿ ಹುಡುಕಬೇಕಾಗಿದೆ.

ಲೇಪ ಮತ್ತು ಲೇಶ್ಯೆ

ಲೇಶ್ಯೆಯ ಪರಿಭಾಷೆಯೇ ವರ್ಣಕಾರನ ಕೆಲಸಕ್ಕೆ ಹತ್ತಿರವಾದುದು. ಷಟ್ಖಂಡಾಗಮಕ್ಕೆ 'ಧವಲಾ' ಟೀಕೆಯನ್ನು ಬರೆದ ವೀರಸೇನಾಚಾರ್ಯರು ಈ ಪದವನ್ನು 'ಬಳಿ', 'ಸವರು' ಎಂಬ ಅರ್ಥದ ಲಿಪ್ ಧಾತುವಿನಿಂದ ನಿಷ್ಪನ್ನಗೊಳಿಸುತ್ತಾರೆ. ಲೇಪ, ಲೇಪನ, ಲಿಪಿ ಎಂಬ ಮಾತುಗಳೂ ಇದೇ ಧಾತುವಿನವು. ಒಡನೆಯೇ ಅವರು ಒಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ: ಬಳಿಯುವುದೆಲ್ಲ ಲೇಶ್ಯೆಯಾದರೆ ನೆಲವನ್ನು ಸಾರಿಸುವ ಲೇಪವೂ ಲೇಶ್ಯೆಯಾಗಬೇಕಲ್ಲವೇ? ಆಗಲಾರದು, ಏಕೆಂದರೆ ಇಲ್ಲಿ ಬಳಿಯಲ್ಪಡುವುದು ಆತ್ಮ, ಬಳಿಯುವ ವಸ್ತು ಕರ್ಮ ಎಂಬ ಮಾತು ಅಧ್ಯಾಹಾರವಾಗಿದೆ ಎಂಬುದು ಅವರ ಸಮಾಧಾನ. ಸಾರಿಸಿದ ನೆಲವನ್ನು ನಿತ್ಯ ಕಾಣುತ್ತಿದ್ದ ನಾಡಿನ ಪಂಡಿತನಿಗೆ ಸಹಜವಾಗಿ ಹೊಳೆಯುವ ಆಕ್ಷೇಪವಿದು. ಈ ಗ್ರಂಥವನ್ನು ಉಳಿಸಿಕೊಟ್ಟ ಮೂಡುಬಿದಿರೆಯ ತಾಳೆಯೋಲೆಗಳು ಹೊಯ್ಸಳರ ಕಾಲದ ವರ್ಣಚಿತ್ರಗಳನ್ನೂ ಒಳಗೊಂಡಿವೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಲೇಪದ ತರ್ಕವನ್ನು ಹೇಳುವ ಶಾಸ್ತ್ರ ಮತ್ತು ಬಣ್ಣದ ಲೇಪವನ್ನು ಹೊತ್ತ ಗರಿ ಒಂದೇ ಕಟ್ಟಿನಲ್ಲಿ ಉಳಿದುಬಂದಿವೆ.

ಸಿದ್ಧಾಂತದಲ್ಲಿ ಲೇಶ್ಯೆಯು ದ್ರವ್ಯ ಮತ್ತು ಭಾವ ಎಂದು ಎರಡು ಬಗೆ. ಶರೀರದ ಬಣ್ಣ ದ್ರವ್ಯಲೇಶ್ಯೆ. ಕಷಾಯಗಳ ಉದಯದಿಂದ ರಂಗೇರಿದ ಮನೋವಾಕ್ಕಾಯಗಳ ಪ್ರವೃತ್ತಿ ಭಾವಲೇಶ್ಯೆ. ಬಣ್ಣದ ಲೋಕದಿಂದ ಬಂದ ಮಾತುಗಳು ಇಲ್ಲಿಯೂ ಇವೆ. ರಂಜನವೆಂದರೆ ಬಣ್ಣ ಹಿಡಿಸುವುದು. ಕಷಾಯವೆಂಬುದು ಒಗರಿಗೂ, ಬಟ್ಟೆಗೆ ಬಣ್ಣ ಕಟ್ಟುವ ತೊಗಟೆ-ಕಾಯಿಗಳ ರಸಕ್ಕೂ, ಕಾವಿಬಣ್ಣಕ್ಕೂ ಸಲ್ಲುವ ಪದ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಲ್ಲದಿದ್ದರೆ ಕರ್ಮವು ಆತ್ಮಕ್ಕೆ ಬಂದರೂ ಅಂಟಿ ನಿಲ್ಲದು. ಅಂಟಿಲ್ಲದ ಬಣ್ಣ ಒಣಗಿದೊಡನೆ ಗೋಡೆಯಿಂದ ಉದುರುವಂತೆ.

ಐದು ಮೂಲವರ್ಣ, ಆರು ಲೇಶ್ಯೆ

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಸ್ಪರ್ಶ, ರಸ, ಗಂಧ, ವರ್ಣಗಳುಳ್ಳದ್ದು ಪುದ್ಗಲವೆಂದು ಹೇಳುತ್ತದೆ. ಅದಕ್ಕೆ 'ಸರ್ವಾರ್ಥಸಿದ್ಧಿ'ಯನ್ನು ಬರೆದ ಪೂಜ್ಯಪಾದರು ಮೂಲವರ್ಣಗಳನ್ನು ಐದೆಂದು ಎಣಿಸುತ್ತಾರೆ: ಕೃಷ್ಣ, ನೀಲ, ಪೀತ, ಶುಕ್ಲ, ಲೋಹಿತ. ಇವುಗಳ ಪ್ರಭೇದಗಳು ಅನಂತವಾಗಿ ಹಬ್ಬಬಲ್ಲವೆಂದೂ ಸೇರಿಸುತ್ತಾರೆ. ಈ ಐದರಲ್ಲಿ ಹಸಿರಿಲ್ಲ, ಕಾಪೋತವೂ ಇಲ್ಲ. ಆದರೆ ಆರು ಲೇಶ್ಯೆಗಳ ಪಟ್ಟಿಯಲ್ಲಿ ಕಾಪೋತವಿದೆ. ಮೂಲವರ್ಣಗಳಲ್ಲಿ ಸೇರದ ಬಣ್ಣವೊಂದು ಲೇಶ್ಯೆಗಳಲ್ಲಿ ಸೇರಿದೆಯೆಂದರೆ ಅದು ಮಿಶ್ರವರ್ಣವಾಗಿರಬೇಕು. ಯಾವುದರೊಡನೆ ಯಾವುದು ಬೆರೆತದ್ದು ಎಂಬುದೇ ಪ್ರಶ್ನೆ.

ಚಾವುಂಡರಾಯನ ಕಾಲದಲ್ಲಿ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡವು ಆರು ಲೇಶ್ಯೆಗಳ ಬಣ್ಣಕ್ಕೆ ಆರು ಉಪಮಾನಗಳನ್ನು ಕೊಡುತ್ತದೆ: ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ 'ಜೀವತತ್ತ್ವಪ್ರದೀಪಿಕೆ'ಯೆಂಬ ವೃತ್ತಿಯನ್ನು ಬರೆದನು. ಅದೇ ಹೆಸರಿನ ಸಂಸ್ಕೃತ ಟೀಕೆಯು ಈ ಕನ್ನಡ ವೃತ್ತಿಯನ್ನು ಆಧರಿಸಿದ್ದೆಂಬುದನ್ನು ತೋರಿಸಿಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. ಜೈನಶಾಸ್ತ್ರದ ಒಂದು ಮುಖ್ಯ ಆಕರವು ಕನ್ನಡದಿಂದ ಸಂಸ್ಕೃತಕ್ಕೆ ಹೋಯಿತೆಂಬ ಈ ಶೋಧ, ಕನ್ನಡನಾಡಿನ ಸಾಮಗ್ರಿಯಿಂದಲೇ ಸಿದ್ಧಾಂತದ ಪದಗಳನ್ನು ಬೆಳಗಿಸಿಕೊಳ್ಳಬಹುದೆಂಬ ಧೈರ್ಯವನ್ನು ಓದುಗರಿಗೆ ಕೊಡುತ್ತದೆ.

ಶ್ವೇತಾಂಬರ ಆಗಮವಾದ ಉತ್ತರಾಧ್ಯಯನಸೂತ್ರದ 34ನೆಯ ಅಧ್ಯಾಯದಲ್ಲಿ ಉಪಮಾನಗಳು ಇನ್ನೂ ವಿಸ್ತಾರವಾಗಿವೆ. ಅಲ್ಲಿ ತೇಜೋಲೇಶ್ಯೆಗೆ ಹಿಂಗುಲ, ಪದ್ಮಲೇಶ್ಯೆಗೆ ಹರಿತಾಳ, ಶುಕ್ಲಲೇಶ್ಯೆಗೆ ಶಂಖ ಉಪಮಾನಗಳು. ಮೂರೂ ಚಿತ್ರಕಾರನ ಸಾಮಗ್ರಿಗಳೇ. ದಿಗಂಬರ ಪಟ್ಟಿಯ ಚಿನ್ನಕ್ಕೂ ಇಲ್ಲಿಯ ಹಿಂಗುಲಕ್ಕೂ, ಅಲ್ಲಿಯ ತಾವರೆಗೂ ಇಲ್ಲಿಯ ಹರಿತಾಳಕ್ಕೂ ವ್ಯತ್ಯಾಸವುಂಟು. ಆದರೆ ಕಾಪೋತದಲ್ಲಿ ಎರಡು ಸಂಪ್ರದಾಯಗಳೂ ಪಾರಿವಾಳವನ್ನೇ ಹೇಳುತ್ತವೆ. ಉತ್ತರಾಧ್ಯಯನವು ಪಾರಿವಾಳದ ಕೊರಳಿನ ಜೊತೆಗೆ ಇನ್ನೊಂದು ಉಪಮಾನವನ್ನೂ ಇಡುತ್ತದೆ: ಅತಸಿಯ ಹೂವು, ಎಂದರೆ ಅಗಸೆಯ ಹೂವು. ಧಾರವಾಡ, ಬೆಳಗಾವಿ ಸೀಮೆಯ ಎರೆಹೊಲಗಳಲ್ಲಿ ಅಗಸೆ ಹೂಬಿಟ್ಟುದನ್ನು ಕಂಡವರಿಗೆ ಅದರ ಬಣ್ಣವನ್ನು ಹೇಳಿಕೊಡಬೇಕಾದ್ದಿಲ್ಲ. ಅದು ತಿಳಿನೀಲ. ಬೂದಿಯ ಬಣ್ಣಕ್ಕೆ ಅದನ್ನು ಯಾರೂ ಹೋಲಿಸಲಾರರು.

ಭೂಲೋಕಮಲ್ಲನ ಬಣ್ಣದ ಬಟ್ಟಲು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ'ಯಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಮೂರನೆಯ ವಿಂಶತಿಯಲ್ಲಿ ಅರಮನೆಯ ಗೃಹಭೋಗವನ್ನು ಹೇಳುವ ಸಂದರ್ಭದಲ್ಲಿ ಚಿತ್ರವಿದ್ಯೆ ಬರುತ್ತದೆ. ಗೋಡೆಯನ್ನು ಸಿದ್ಧಪಡಿಸುವುದರಿಂದ ಹಿಡಿದು ಚಿನ್ನದ ಬಣ್ಣಕ್ಕೆ ಹಂದಿಯ ಕೋರೆಯಿಂದ ಮೆರುಗು ಕೊಡುವವರೆಗಿನ ಕೆಲಸ ಅಲ್ಲಿ ವಿವರಿಸಲ್ಪಟ್ಟಿದೆ. ಸೋಮೇಶ್ವರನು ಭೂಲೋಕಮಲ್ಲನೆಂಬ ಬಿರುದಿನಿಂದ ಆಳುತ್ತಿದ್ದಾಗ ಸವದತ್ತಿಯ ರಟ್ಟರು ಚಾಲುಕ್ಯರ ಮಾಂಡಲಿಕರಾಗಿದ್ದರು. ಮುಂದೆ ಆ ರಟ್ಟರೇ ವೇಣುಗ್ರಾಮವನ್ನು, ಎಂದರೆ ಇಂದಿನ ಬೆಳಗಾವಿಯನ್ನು, ರಾಜಧಾನಿಯಾಗಿಸಿಕೊಂಡರು. ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ಜಿನಾಲಯವು 1204ರ ಶಾಸನಗಳಲ್ಲಿ ಉಲ್ಲೇಖಿತವಾಗಿದೆ; ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿ ಆ ಕಾಲದ್ದು. ಜೈನಸಿದ್ಧಾಂತದ ಪಠನವೂ ಚಾಲುಕ್ಯ ಅರಮನೆಯ ಚಿತ್ರವಿದ್ಯೆಯೂ ಒಂದೇ ನಾಡಿನಲ್ಲಿ, ಬಹುಮಟ್ಟಿಗೆ ಒಂದೇ ಕಾಲದಲ್ಲಿ ಬಾಳಿದವು ಎಂಬುದಕ್ಕೆ ಇಷ್ಟು ಸಾಕು.

ಮಾನಸೋಲ್ಲಾಸವು ಹೇಳುವ ಬಣ್ಣಗಳ ಸಂಖ್ಯೆ ದೊಡ್ಡದಲ್ಲ. ಬಿಳುಪಿಗೆ ಶಂಖದ ಪುಡಿ, ಕೆಂಪಿನ ಬಗೆಬಗೆಗಳಿಗೆ ದರದ, ಅಲಕ್ತಕ, ಗೈರಿಕ, ಹಳದಿಗೆ ಹರಿತಾಲ, ಕಪ್ಪಿಗೆ ಕಜ್ಜಲ. ನೀಲಕ್ಕೆ ನೀಲಿ, ರಾಜಾವರ್ತಗಳು ಉಂಟು. ಕನ್ನಡದಲ್ಲಿ ಹೇಳುವುದಾದರೆ ಇಂಗುಲಿಕ, ಅರಗಿನ ರಸ, ಜಾಜು, ಹರಿತಾಳ, ಕಾಡಿಗೆ, ನೀಲಿ. ಇವುಗಳಲ್ಲಿ ಗೈರಿಕಕ್ಕಾಗಿ ದೂರ ಹೋಗಬೇಕಾದ್ದಿಲ್ಲ. ಬೆಳಗಾವಿಯ ಪೂರ್ವದ ಎರೆನೆಲವನ್ನು ಹಿಂದಿಟ್ಟು ಖಾನಾಪುರದ ಕಡೆಗೆ ಸಾಗಿದರೆ ಕಬ್ಬಿಣದ ಅಂಶದಿಂದ ಕೆಂಪೇರಿದ ಜಂಬಿಟ್ಟಿಗೆಯ ನೆಲ ತಾನಾಗಿ ಎದುರಾಗುತ್ತದೆ. ಕದಂಬ ಮೃಗೇಶವರ್ಮನು ಜಿನಾಲಯವನ್ನು ಕಟ್ಟಿಸಿದ ಪಲಾಶಿಕಾ, ಎಂದರೆ ಇಂದಿನ ಹಲಸಿ, ಇದೇ ತಾಲ್ಲೂಕಿನದು. ಇಂಗುಲಿಕದಲ್ಲಿ ಪಾದರಸವೂ ಹರಿತಾಳದಲ್ಲಿ ಶಂಖಪಾಷಾಣದ ಧಾತುವೂ ಇರುವುದರಿಂದ ಅವು ವಿಷವಸ್ತುಗಳು. ಜಾಜು ಮಾತ್ರ ಗುಡಿಯ ಗೋಡೆಗೂ ಬಡವನ ಹೊಸ್ತಿಲಿಗೂ ಸಮಾನವಾಗಿ ದಕ್ಕಿದ ಬಣ್ಣ.

ಈ ಪುಡಿಗಳನ್ನು ಗೋಡೆಗೆ ಹಿಡಿದಿಡುವುದು ವಜ್ರಲೇಪ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳುವ ಸರೇಸು ಅದು. ಪುಡಿ, ಅಂಟು, ನೀರು ಎಂಬ ಈ ಮೂರರ ಕೂಟ ಇಂದಿನ ಜಲವರ್ಣದಲ್ಲಿಯೂ ಇದೆ; ಅಂಟು ಮಾತ್ರ ಗೋಂದಿನದು. ಅಹಿಂಸೆಯನ್ನು ಪರಮಧರ್ಮವೆಂದ ಜೈನರಿಗೆ ಎಮ್ಮೆಯ ಚರ್ಮದ ಸರೇಸು ಒಪ್ಪುವ ವಸ್ತುವಲ್ಲ ಎಂಬುದನ್ನೂ ಇಲ್ಲಿ ಮರೆಯಲಾಗದು. ಮಾನಸೋಲ್ಲಾಸವನ್ನು ಸಾಕ್ಷ್ಯವಾಗಿ ಕರೆಯುತ್ತಿರುವುದು ಬಣ್ಣದ ಹೆಸರುಗಳಿಗಾಗಿ, ಅದರ ಎಲ್ಲ ವಿಧಾನಗಳನ್ನೂ ಬಸದಿಯ ಚಿತ್ರಕಾರರ ಮೇಲೆ ಹೊರಿಸುವುದಕ್ಕಲ್ಲ.

ಶುದ್ಧವರ್ಣಗಳ ನಂತರ ಮಿಶ್ರವರ್ಣಗಳು ಬರುತ್ತವೆ. ದರದಕ್ಕೆ ಶಂಖದ ಬಿಳುಪು ಸೇರಿದರೆ ಕೆಂದಾವರೆಯ ಕಾಂತಿ. ನೀಲಿಗೆ ಹರಿತಾಲ ಸೇರಿದರೆ ಹಸಿರು. ಪೂಜ್ಯಪಾದರ ಐದು ಮೂಲವರ್ಣಗಳಲ್ಲಿ ಹಸಿರು ಏಕಿಲ್ಲ ಎಂಬುದಕ್ಕೆ ಚಿತ್ರಕಾರನ ಉತ್ತರ ಇಲ್ಲಿಯೇ ಇದೆ: ಅದು ನೀಲ ಪೀತಗಳ ಕೂಡುಬಣ್ಣ. ಇನ್ನು ಪ್ರಕೃತಕ್ಕೆ ಮುಖ್ಯವಾದ ಎರಡು ಮಿಶ್ರಣಗಳು. ಕಜ್ಜಲಕ್ಕೆ ಶಂಖ ಸೇರಿದರೆ ಹೊಗೆಯ ಬಣ್ಣ, ಧೂಮಚ್ಛಾಯೆ. ನೀಲಿಗೆ ಶಂಖ ಸೇರಿದರೆ ಕಪೋತ. ಇದರ ಬೆನ್ನಿಗೇ ರಾಜಾವರ್ತವನ್ನು ಹೇಳುತ್ತ ಗ್ರಂಥಕಾರನು ಅತಸಿಯ ಹೂವಿನ ಬಣ್ಣವನ್ನು ಹೆಸರಿಸುತ್ತಾನೆ.

ಅಂದರೆ ಕಪ್ಪು ಬಿಳುಪುಗಳು ಬೆರೆತ ಬೂದು ಬೇರೆ, ಕಪೋತ ಬೇರೆ ಎಂಬುದು ಹನ್ನೆರಡನೆಯ ಶತಮಾನದ ಕನ್ನಡನಾಡಿನಲ್ಲಿ ಖಚಿತವಾಗಿ ಗೊತ್ತಿದ್ದ ಸಂಗತಿ. ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಕ. ಉತ್ತರಾಧ್ಯಯನವು ಪಾರಿವಾಳದ ಕೊರಳನ್ನೂ ಅತಸಿಯ ಹೂವನ್ನೂ ಜೊತೆಗಿಟ್ಟಿತು. ಜೈನನಲ್ಲದ ಚಾಲುಕ್ಯ ಅರಸನೊಬ್ಬ, ಶಾಸ್ತ್ರಚರ್ಚೆಯ ಉದ್ದೇಶವಿಲ್ಲದೆ, ಅದೇ ಎರಡು ಹೆಸರುಗಳನ್ನು ನೀಲದ ಬಳಿಯಲ್ಲಿ ಜೊತೆಗಿಟ್ಟನು. ಒಂದನ್ನೊಂದು ಅವಲಂಬಿಸದ ಎರಡು ಸಾಕ್ಷ್ಯಗಳು ಒಂದೇ ಮಾತನ್ನು ಹೇಳುವಾಗ ಅದಕ್ಕೆ ತೂಕ ಹೆಚ್ಚು.

ಶ್ರೇಣಿಯ ಅರ್ಥ

ಕಾಪೋತವನ್ನು ನೀಲಕ್ಕೆ ಬಿಳುಪು ಬೆರೆತ ಬಣ್ಣವೆಂದು ಓದಿದಾಗ ಲೇಶ್ಯೆಗಳ ಕ್ರಮದ ತೊಡಕು ತಾನಾಗಿ ಬಿಡುತ್ತದೆ. ಮೊದಲನೆಯದು ಕೃಷ್ಣ. ಎರಡನೆಯದು ನೀಲ. ಮೂರನೆಯದು ಆ ನೀಲವೇ ತಿಳಿಯಾದ ಸ್ಥಿತಿ. ಕೊನೆಯ ಶುಕ್ಲಲೇಶ್ಯೆಗೆ ಉಪಮಾನ ಶಂಖ. ಚಿತ್ರಕಾರನು ನೀಲಿಯನ್ನು ಕಪೋತವಾಗಿಸಲು ಬೆರೆಸುವುದೂ ಶಂಖವನ್ನೇ. ಅಶುಭವೆಂದು ಎಣಿಸಲಾದ ಮೂರು ಲೇಶ್ಯೆಗಳಲ್ಲಿ ಕೊನೆಯದರೊಳಗೆ ಶುಕ್ಲದ ಒಂದು ಚಿಟಿಕೆ ಆಗಲೇ ಸೇರಿದೆ. ನೇಮಿಚಂದ್ರರು ಹೀಗೆಂದು ಬಾಯಿಬಿಟ್ಟು ಹೇಳಿಲ್ಲ. ಇದು ಬಣ್ಣದ ಪಾಕದಿಂದ ಮಾಡಿದ ಊಹೆ. ಆದರೆ ಅವರು ಕೊಡುವ ದೃಷ್ಟಾಂತವು ಈ ಊಹೆಯನ್ನು ಬೆಂಬಲಿಸುತ್ತದೆ.

ದೃಷ್ಟಾಂತ ಪ್ರಸಿದ್ಧವಾದುದು. ಕಾಡಿನಲ್ಲಿ ದಾರಿತಪ್ಪಿದ ಆರು ಜನ ಹಣ್ಣು ತುಂಬಿದ ಒಂದು ಮರವನ್ನು ಕಾಣುತ್ತಾರೆ. ಮರವನ್ನು ಬುಡಸಹಿತ ಕಿತ್ತು ಹಣ್ಣು ತಿನ್ನೋಣವೆಂಬವನು ಕೃಷ್ಣಲೇಶ್ಯೆಯವನು. ಕಾಂಡವನ್ನು ಕಡಿಯೋಣವೆಂಬವನು ನೀಲದವನು. ದೊಡ್ಡ ಕೊಂಬೆಗಳನ್ನು ಮಾತ್ರ ಕಡಿದರೆ ಸಾಕೆಂಬವನು ಕಾಪೋತದವನು. ಮುಂದಿನವರು ಸಣ್ಣ ರೆಂಬೆಗೆ, ಹಣ್ಣಿಗೆ, ಕೊನೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣಿಗೆ ತೃಪ್ತರಾಗುತ್ತಾರೆ. ಮೂರನೆಯವನ ಕೈಯಲ್ಲಿಯೂ ಕೊಡಲಿಯಿದೆ, ಅವನೂ ಹಿಂಸಕನೇ. ಆದರೆ ಅವನ ಮಾತಿನಿಂದ ಬುಡ ಉಳಿಯಿತು, ಕಾಂಡ ಉಳಿಯಿತು, ಮರ ಮತ್ತೆ ಚಿಗುರಬಹುದು. ನೀಲದವನ ಹಟವೇ ಇಲ್ಲಿ ಸ್ವಲ್ಪ ತಿಳಿಯಾಗಿದೆ. ಈ ಮನುಷ್ಯನ ಮನಸ್ಸನ್ನು ಬೂದಿಗೆ ಹೋಲಿಸಿದರೆ ಮೇಲೇರುವ ದಾರಿ ಕಾಣದು. ನೀಲಕ್ಕೆ ಬಿದ್ದ ಬಿಳುಪಿಗೆ ಹೋಲಿಸಿದರೆ ಕಾಣುತ್ತದೆ.

ಶ್ರವಣಬೆಳಗೊಳದ ಜೈನಮಠದ ಗೋಡೆಯಲ್ಲಿ ಮೈಸೂರು ಒಡೆಯರ ಕಾಲದ ಚಿತ್ರಕಾರರು ಈ ಮರವನ್ನೂ ಆರು ಜನರನ್ನೂ ಬರೆದಿದ್ದಾರೆ. ಗೊಮ್ಮಟಸಾರ ಹುಟ್ಟಿದ ಪರಿಸರಕ್ಕೆ ಅದರ ದೃಷ್ಟಾಂತವು ಶತಮಾನಗಳ ನಂತರ ಬಣ್ಣವಾಗಿ ಮರಳಿ ಬಂದುದು ವಿಶೇಷ. ಶಾಸ್ತ್ರವನ್ನು ಓದಲಾರದ ಶ್ರಾವಕನೂ ಗೋಡೆಯ ಮುಂದೆ ನಿಂತು, ತಾನು ಆ ಆರರಲ್ಲಿ ಯಾರೆಂದು ಕೇಳಿಕೊಳ್ಳುವಂತಾಯಿತು.

ಬಣ್ಣವೂ ಮಾತೂ ಮಾಸಿದ ಬಗೆ

ಇಷ್ಟು ಸ್ಪಷ್ಟವಾಗಿದ್ದ ಅರ್ಥ ಬೂದಿನಲ್ಲಿ ಕರಗಿದ್ದು ಹೇಗೆ? ಒಂದು ಕಾರಣ ಆ ಬಣ್ಣದ ಸ್ವಭಾವದಲ್ಲಿಯೇ ಇರಬಹುದು. ಗಿಡದ ಎಲೆಯಿಂದ ತೆಗೆದ ನೀಲಿ ಜಾಜಿನಂತೆ ಸ್ಥಿರವಾದ ಬಣ್ಣವಲ್ಲ. ದಟ್ಟವಾಗಿ ಬಳಿದಾಗ ಅದು ಬಹುಕಾಲ ನಿಲ್ಲುತ್ತದೆ. ಬಿಳುಪು ಬೆರೆಸಿ ತೆಳುವಾಗಿಸಿದಾಗ ಬೆಳಕಿಗೆ ಬೇಗ ಮಾಸುತ್ತದೆ. ಕಪೋತವೆಂದರೆ ಅಂಥ ತೆಳುವಾದ ಮಿಶ್ರಣವೇ. ಇಂದು ಹಳೆಯ ಚಿತ್ರದಲ್ಲಿ ಬೂದುಬಣ್ಣವೆಂದು ತೋರುವ ಜಾಗದಲ್ಲಿ ಬರೆದವನು ನೀಲವನ್ನು ಇಟ್ಟಿದ್ದಿರಬಹುದು.

ಇನ್ನೊಂದು ಕಾರಣ ಸಿದ್ಧಬಣ್ಣಗಳ ಆಗಮನ. ಲಂಡನ್ನಿನ ರೀವ್ಸ್ ಸೋದರರು 1780ರ ಸುಮಾರಿಗೆ ಜಲವರ್ಣದ ಬಿಲ್ಲೆಗಳನ್ನು ಮಾರಾಟಕ್ಕೆ ತಂದರು. 1832ರಲ್ಲಿ ವಿನ್ಸರ್ ಆಂಡ್ ನ್ಯೂಟನ್ ಸಂಸ್ಥೆ ಆರಂಭವಾಯಿತು. 1841ರಲ್ಲಿ ಜಾನ್ ರ‍್ಯಾಂಡ್ ಲೋಹದ ಟ್ಯೂಬಿನ ಹಕ್ಕನ್ನು ಪಡೆದನು. ಅರೆಯುವ ಕಲ್ಲು, ಕರಟ, ಚಿಪ್ಪುಗಳ ಜಾಗದಲ್ಲಿ ಬಣ್ಣದ ಪೆಟ್ಟಿಗೆ ಬಂದಿತು. ಕುತೂಹಲದ ವಿಷಯವೆಂದರೆ ಇಂಗ್ಲಿಷ್ ಜಲವರ್ಣಕಾರರೂ ಕಪೋತದಂಥ ಬಣ್ಣವನ್ನು ಹುಡುಕುತ್ತಿದ್ದರು. ವಿಲಿಯಂ ಪೇನ್ (1760–1830) ಎಂಬ ಚಿತ್ರಕಾರನು ನೆರಳಿಗೂ ದೂರದ ಬೆಟ್ಟಗಳಿಗೂ ನೀಲಿಯನ್ನು ಒಳಗೊಂಡ ಬೂದುನೀಲವೊಂದನ್ನು ಬೆರೆಸಿಕೊಂಡನು. ಅದು ಇಂದಿಗೂ ಅವನ ಹೆಸರಿನಿಂದ, 'ಪೇನ್ಸ್ ಗ್ರೇ' ಎಂದು ಮಾರಾಟವಾಗುತ್ತದೆ. ಆದರೆ ಒಂದು ವ್ಯತ್ಯಾಸ ಉಂಟು. ಆ ಹೆಸರು ಬಣ್ಣವನ್ನು ಬೆರೆಸಿದವನನ್ನು ನೆನಪಿಸುತ್ತದೆ. ಕಪೋತವೆಂಬ ಹೆಸರು ಆ ಬಣ್ಣವನ್ನು ಎಲ್ಲಿ ನೋಡಿ ಸರಿಹೋಲಿಸಿಕೊಳ್ಳಬೇಕೆಂಬುದನ್ನು ತೋರಿಸುತ್ತದೆ.

ಪೆಟ್ಟಿಗೆ ಬಂದುದರಿಂದ ಕನ್ನಡಿಗರ ಕಣ್ಣು ಮಂದವಾಯಿತೆಂದಲ್ಲ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾದ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕೆನಾಲ್‌ಗಳ ಬೆಟ್ಟಗಳನ್ನೂ ಮಂಜನ್ನೂ ಜಲವರ್ಣದಲ್ಲಿ ಬರೆದರು. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರ ಬಳಿ ಕಲಿತ ರವಿ ಪರಾಂಜಪೆಯವರು (1935–2022) ವರ್ಣಸಂಯೋಜನೆಗೆ ಹೆಸರಾದರು. ಕೆಲವೇ ಬಣ್ಣಗಳನ್ನು ಆರಿಸಿಟ್ಟುಕೊಂಡು ಉಳಿದುದನ್ನು ಬೆರಕೆಯಿಂದ ಪಡೆಯುವ ಸೋಮೇಶ್ವರನ ನೀತಿಯನ್ನೇ ಒಳ್ಳೆಯ ಜಲವರ್ಣಕಾರರು ಇಂದಿಗೂ ಪಾಲಿಸುತ್ತಾರೆ. ಹಾನಿಯಾದುದು ಭಾಷೆಯ ಕಡೆಯಲ್ಲಿ. ಬಣ್ಣವನ್ನು ಕೈಯಾರೆ ಬೆರೆಸುತ್ತಿದ್ದವನಿಗೆ ಧೂಮಚ್ಛಾಯೆ ಮತ್ತು ಕಪೋತ ಎರಡು ಬೇರೆ ಬಟ್ಟಲುಗಳಾಗಿದ್ದವು. ಬೆರಕೆಯನ್ನು ಮರೆತ ಓದುಗನಿಗೆ ಅವೆರಡೂ 'ಬೂದು' ಎಂಬ ಒಂದೇ ಪದವಾದವು. ಜಾಜು, ಇಂಗುಲಿಕ, ಹರಿತಾಳಗಳು ಹಳಗನ್ನಡ ಕಾವ್ಯಗಳ ಅಡಿಟಿಪ್ಪಣಿಗಳಲ್ಲಿ 'ಒಂದು ಬಗೆಯ ಬಣ್ಣ' ಎಂಬ ಅರ್ಥವನ್ನಷ್ಟೇ ಪಡೆದುದು ಇದೇ ದಾರಿಯಲ್ಲಿ.

ಆದ್ದರಿಂದ ಲೇಶ್ಯಾಪ್ರಕರಣವನ್ನು ಪಾಠಹೇಳುವಾಗ ಕಾಪೋತಕ್ಕೆ 'ಬೂದು' ಎಂಬ ಅರ್ಥವನ್ನು ಕೈಬಿಟ್ಟು 'ಬಿಳುಪು ಬೆರೆತ ನೀಲ' ಅಥವಾ 'ಪಾರಿವಾಳದ ಕೊರಳಿನ ತಿಳಿನೀಲ' ಎಂದು ಹೇಳುವುದು ಉಚಿತ. ಬಸದಿಗಳ ಭಿತ್ತಿಚಿತ್ರಗಳನ್ನು ಜೀರ್ಣೋದ್ಧಾರ ಮಾಡುವವರೂ ಮಾಸಿದ ಜಾಗವನ್ನು ಕಂಡೊಡನೆ ಕಪ್ಪು ಬಿಳುಪಿನ ಸಿದ್ಧಬಣ್ಣವನ್ನು ತುಂಬುವ ಮೊದಲು, ಅಲ್ಲಿ ನೀಲಿಯ ಕಣವೇನಾದರೂ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಮರದ ಕೆಳಗಿನ ಆ ಮೂರನೆಯವನಿಗೆ ತಪ್ಪುಬಣ್ಣ ಬಳಿದರೆ ಚಿತ್ರದ ಜೊತೆಗೆ ಸಿದ್ಧಾಂತವೂ ಮರೆಯಾಗುತ್ತದೆ. ಕೆಟ್ಟವರಲ್ಲಿ ಕಡಿಮೆ ಕೆಟ್ಟವನಾದ ಅವನೊಳಗೆ ಶಂಖದ ಬಿಳುಪು ಒಂದಿಷ್ಟು ಬೆರೆತಿದೆ ಎಂಬುದನ್ನು ಚಾಲುಕ್ಯ ಚಿತ್ರಕಾರನ ಬಟ್ಟಲು ನೆನಪಿನಲ್ಲಿಟ್ಟುಕೊಂಡಿದೆ.